ಭೂತಕಾಲಕ್ಕೆ ಮೂರು ದನಿ

ಸಾವಿರದ ಒಂಬೈನೂರ ತೊಂಬತ್ತರ ಆಗಸ್ಟ್ ಕೊನೆಯಲ್ಲಿ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ನಮ್ಮಿಬ್ಬರನ್ನು ಕೋಣೆಗೆ ಕರೆದು ಕೂರಿಸಿ ಕಾಫಿ ತರಿಸಿದರು. ಆಕೆ ಕಾಫಿ ತರಿಸಿದರೆಂದರೆ ಸುದ್ದಿ ಒಳ್ಳೆಯದಲ್ಲ ಎಂದೇ ಲೆಕ್ಕ. ನಾನು ವಿಲ್ಮಾ, ಆಗ ನನಗೆ ನಲವತ್ತೊಂದು. ಪಕ್ಕದಲ್ಲಿ ಕೂತಿದ್ದ ಎತೆಲ್ಕಾ ಅವರಿಗೆ ಐವತ್ತು ತುಂಬಿತ್ತು. ರಾಜಧಾನಿ ಬುಡಾಪೆಸ್ಟ್‌ನಿಂದ ದೂರದ, ತಿಸಾ ನದಿಯ ದಂಡೆಯ ಆ ಪುಟ್ಟ ಊರಿನಲ್ಲಿ ಐದರಿಂದ ಎಂಟನೇ ತರಗತಿಯವರೆಗೆ ರಷ್ಯನ್ ಕಲಿಸುತ್ತಿದ್ದವರು ನಾವಿಬ್ಬರೇ. ಹಿಂದಿನ ವರ್ಷ ಸರ್ಕಾರ ರಷ್ಯನ್ ಕಡ್ಡಾಯವಲ್ಲ ಎಂದಿತ್ತು. ಈ ವರ್ಷ ಅದನ್ನು ಆರಿಸಿಕೊಂಡ ಮಕ್ಕಳು ಒಬ್ಬರೂ ಇರಲಿಲ್ಲ.

"ಮೂರು ವರ್ಷದ ಇಂಗ್ಲಿಷ್ ಕೋರ್ಸ್," ಎಂದರು ಮುಖ್ಯೋಪಾಧ್ಯಾಯಿನಿ. "ಶುಕ್ರವಾರ ಮಧ್ಯಾಹ್ನ, ಶನಿವಾರ ಇಡೀ ದಿನ, ಸೊಲ್ನೊಕ್‌ನಲ್ಲಿ. ಮಿಕ್ಕ ದಿನ ಇಲ್ಲಿ ಇಂಗ್ಲಿಷ್ ತಗೋಬೇಕು."

"ಕಲಿಯೋಕೆ ಮುಂಚೆನೇ ಕಲಿಸೋದಾ?" ಎಂದು ನಾನು ಕೇಳಿದೆ.

"ಮಕ್ಕಳಿಗಿಂತ ಒಂದು ಪಾಠ ಮುಂದಿದ್ರೆ ಸಾಕು ವಿಲ್ಮಾ."

ಎತೆಲ್ಕಾ ಕಾಫಿ ಮುಟ್ಟಿರಲಿಲ್ಲ. "ಒಂದು ಪಾಠ ಮುಂದಿದ್ದು ನಾನು ಯಾವತ್ತೂ ಪಾಠ ಮಾಡಿಲ್ಲ," ಎಂದರು. "ಆಯ್ತು. ಇನ್ನೈದು ವರ್ಷ ಇದೆ ಪಿಂಚಣಿಗೆ. ಹೋಗ್ತೀವಿ."

ಒಂದೇ ಪಾಠ ಮುಂದಿದ್ದು ಕಲಿಸಿಲ್ಲ ಎಂದದ್ದು ನಿಜವಾದ ಮಾತು. ಎತೆಲ್ಕಾಗೆ ರಷ್ಯನ್ ಎಂದರೆ ಕೆಲಸ ಮಾತ್ರವಾಗಿರಲಿಲ್ಲ. ಆ ಭಾಷೆಯ ಕ್ರಿಯಾಪದಗಳನ್ನು ಅವರು ಬಿಡಿಸಿ ಹೇಳುತ್ತಿದ್ದರೆ ಪಕ್ಕದ ತರಗತಿಯಲ್ಲಿ ಕೂತ ನಾನೂ ಕಿವಿ ಕೊಡುತ್ತಿದ್ದೆ. ಮಕ್ಕಳು ದ್ವೇಷಿಸುತ್ತಿದ್ದದ್ದು ಆ ಭಾಷೆಯನ್ನು, ಅವರನ್ನಲ್ಲ. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಮನೆ, ಹಿತ್ತಲು, ಒಂದಿಷ್ಟು ಕೋಳಿ, ಶಾಲೆ, ಇಷ್ಟೇ ಅವರ ಬದುಕು.

ಮೊದಲ ಶನಿವಾರ ಸೊಲ್ನೊಕ್‌ನ ಆ ತರಗತಿಯಲ್ಲಿ ಇಪ್ಪತ್ತೆಂಟು ಜನ ಕೂತಿದ್ದೆವು. ಎಲ್ಲರೂ ರಷ್ಯನ್ ಟೀಚರುಗಳೇ, ಹೆಚ್ಚಿನವರು ಹೆಂಗಸರು, ಎಲ್ಲರ ಚೀಲದಲ್ಲೂ ಹಂದಿಕೊಬ್ಬು ಸವರಿದ ಬ್ರೆಡ್ಡು. ಬಾಗಿಲು ತೆರೆದು ಒಬ್ಬ ಉದ್ದನೆಯ ಹುಡುಗ ಒಳಗೆ ಬಂದ. ಹುಡುಗನೇ, ಇಪ್ಪತ್ತನಾಲ್ಕು ವರ್ಷ. ಹಲಗೆಯ ಮೇಲೆ ಹೆಸರು ಬರೆದ: ಚೊಂಗೊರ್ ಬಾರಾನ್ಯಿ.

ಎತೆಲ್ಕಾ ನನ್ನ ಮೊಣಕೈ ಹಿಡಿದುಕೊಂಡರು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು.

ಅವನು ನಮ್ಮ ಊರಿನವನೇ. ಎಂಟನೇ ತರಗತಿಯಲ್ಲಿ ಎತೆಲ್ಕಾ ಅವನಿಗೆ ರಷ್ಯನ್‌ನಲ್ಲಿ ಒಂದು ಅಂಕ ಕೊಟ್ಟಿದ್ದರು. ನಮ್ಮಲ್ಲಿ ಐದು ಎಂದರೆ ಎಲ್ಲಕ್ಕಿಂತ ಮೇಲು, ಒಂದು ಎಂದರೆ ಫೇಲು. ಅದಕ್ಕೊಂದು ಕತೆಯಿತ್ತು, ಊರಿಗೆಲ್ಲ ಗೊತ್ತಿದ್ದ ಕತೆ. ಎಂಬತ್ತರ ಮೇ ತಿಂಗಳಲ್ಲಿ ಎತೆಲ್ಕಾ ಅವನನ್ನು ಹಲಗೆಯ ಬಳಿ ನಿಲ್ಲಿಸಿ, 'ಕೆಲಸ ಮಾಡು' ಎಂಬ ರಷ್ಯನ್ ಕ್ರಿಯಾಪದವನ್ನು ಮೂರು ಕಾಲದಲ್ಲೂ ಬರೆಯಲು ಹೇಳಿದರು. ಹುಡುಗ ಬರೆಯಲಿಲ್ಲ. ಬಾಯಿ ಬಿಡಲೂ ಇಲ್ಲ. ಮುಕ್ಕಾಲು ಗಂಟೆ ಹಾಗೇ ನಿಂತ. ಮುಂದಿನ ವಾರ ಮತ್ತೆ ಕರೆದರು, ಮತ್ತೆ ನಿಂತ. ವರ್ಷದ ಕೊನೆಗೆ ಒಂದು ಅಂಕ. ಆಗಸ್ಟ್‌ನಲ್ಲಿ ಮರುಪರೀಕ್ಷೆ ಬರೆದು ಹೇಗೋ ಪಾಸಾದ, ಆದರೆ ಅಷ್ಟರಲ್ಲಿ ಸೊಲ್ನೊಕ್‌ನ ಒಳ್ಳೆಯ ಪ್ರೌಢಶಾಲೆಯ ಸೀಟು ಕೈತಪ್ಪಿತ್ತು.

ಒಂಬತ್ತು ವರ್ಷದ ಮೇಲೆ, ಮಾತಾಡಬಾರದ್ದನ್ನೆಲ್ಲ ಮಾತಾಡಬಹುದಾದ ಮೇಲೆ, ಜಿಲ್ಲೆಯ ಪತ್ರಿಕೆಯೊಂದರಲ್ಲಿ ಒಂದು ಬರಹ ಬಂತು. ನಲವತ್ತನಾಲ್ಕರ ಚಳಿಗಾಲದಲ್ಲಿ ರಷ್ಯದ ಸೈನಿಕರು ನಮ್ಮ ಊರಿಗೆ ಬಂದು, "ಸ್ವಲ್ಪ ಕೆಲಸ ಇದೆ, ಬನ್ನಿ" ಎಂದು ಗಂಡಸರನ್ನು ಕರೆದೊಯ್ದಿದ್ದರು. ಆ ಸ್ವಲ್ಪ ಕೆಲಸ ಅವರ ದೇಶದ ಕಲ್ಲಿದ್ದಲ ಗಣಿಯಲ್ಲಿ ಮೂರು ವರ್ಷ. ಚೊಂಗೊರನ ತಾತ ಹೋದವರಲ್ಲೊಬ್ಬರು. ಮೊಮ್ಮಗ ಅದೇ 'ಕೆಲಸ' ಎಂಬ ಪದವನ್ನು ಆ ಭಾಷೆಯಲ್ಲಿ ಉಚ್ಚರಿಸಲು ಒಪ್ಪದೆ ಶಿಕ್ಷೆ ಅನುಭವಿಸಿದ ಎಂದು ಪತ್ರಿಕೆ ಬರೆದಿತ್ತು. ಟೀಚರ ಹೆಸರು ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ.

ಅಂದಿನಿಂದ ಎತೆಲ್ಕಾ ಅಂಗಡಿಗೆ ಹೋದರೂ ಬೇಗ ಬೇಗ ಸಾಮಾನು ಕಟ್ಟಿಸಿಕೊಂಡು ಬಂದುಬಿಡುತ್ತಿದ್ದರು. "ನನಗೆ ಯಾರೂ ಹೇಳ್ಲಿಲ್ಲ ಕಣೇ," ಎಂದಿದ್ದರು ಒಮ್ಮೆ. "ಹುಡುಗ ಮೊಂಡ ಅಂದ್ಕೊಂಡೆ. ತಾತನ ವಿಷಯ ಯಾರಾದ್ರೂ ಪಿಸುಗುಟ್ಟಿದ್ರೂ ಸಾಕಿತ್ತು." ಯಾರು ಪಿಸುಗುಟ್ಟುತ್ತಿದ್ದರು ಆ ಕಾಲದಲ್ಲಿ?

ಈಗ ಅದೇ ಹುಡುಗ ನಮ್ಮ ಮೇಷ್ಟ್ರು. ಹಾಜರಿ ಕರೆಯುತ್ತ ಅವರ ಹೆಸರಿಗೆ ಬಂದಾಗ ತಲೆಯೆತ್ತಿದ. "ನಮಸ್ಕಾರ ಮೇಡಂ," ಎಂದ. ಮುಂದಿನ ಹೆಸರಿಗೆ ಹೋದ. ಎತೆಲ್ಕಾಗೆ ಅವನನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ, ಆ ಇಡೀ ಶರತ್ಕಾಲ ಯಾವುದನ್ನೂ ಅನ್ನದೆ ವಾಕ್ಯಗಳನ್ನು ಹೇಗೋ ಸುತ್ತಿಬಳಸಿ ಮಾತಾಡಿದರು.

ಮೊದಲ ದಿನ ಹಿಡಿದ ಪದವೇ 'ವರ್ಕ್'. ಅವನು ಬೇಕೆಂದೇ ಹಿಡಿದನೋ, ಪುಸ್ತಕದಲ್ಲಿ ಮೊದಲಿಗಿತ್ತೋ, ನನಗೆ ಗೊತ್ತಾಗಲಿಲ್ಲ. ಐ ವರ್ಕ್, ಯು ವರ್ಕ್, ವಿ ವರ್ಕ್, ದೇ ವರ್ಕ್.

"ಎಲ್ಲದಕ್ಕೂ ಒಂದೇನಾ?" ಎಂದು ಹಿಂದಿನಿಂದ ಯಾರೋ ಕೇಳಿದರು. "ಹಾಗಾದ್ರೆ ಮೂರು ವರ್ಷ ಯಾಕೆ, ಮೂರು ವಾರ ಸಾಕು!"

ಎಲ್ಲರೂ ನಕ್ಕೆವು. ನಮ್ಮ ಭಾಷೆಯಲ್ಲಿ 'ಕಾದೆ' ಎಂದರೆ ಸಾಕು, ಕಾದವಳು ನಾನೇ ಎಂದು ಗೊತ್ತಾಗುತ್ತದೆ. ಇಂಗ್ಲಿಷಿನವರಿಗೆ ಅದೂ ಇಲ್ಲ, ಬಡಪಾಯಿಗಳು ಎನ್ನಿಸಿತು. ಆ ನಗು ನವೆಂಬರ್ ತನಕವೂ ಉಳಿಯಲಿಲ್ಲ. ಕ್ರಿಯಾಪದ ಅಲುಗಾಡುವುದಿಲ್ಲ, ಆದರೆ ಅದರ ಮುಂದೆ ಬಂದು ಸಾಲುಗಟ್ಟುವ ಪುಟ್ಟ ಪದಗಳಿಗೆ ಕೊನೆಯೇ ಇಲ್ಲ. ಹ್ಯಾವ್ ವರ್ಕ್ಡ್, ಹ್ಯಾಡ್ ವರ್ಕ್ಡ್, ಹ್ಯಾವ್ ಬೀನ್ ವರ್ಕಿಂಗ್, ವಿಲ್ ಹ್ಯಾವ್ ಬೀನ್ ವರ್ಕಿಂಗ್.

"ಈ ಕೊನೆಯದನ್ನ ಯಾರು ಯಾವಾಗ ಹೇಳ್ತಾರೆ?" ಎಂದು ನಾನು ಕೇಳಿದೆ.

ಚೊಂಗೊರ್ ಯೋಚಿಸಿದ. "ಬರೋ ಜೂನ್‌ಗೆ ನಾನು ಇಲ್ಲಿ ಕೆಲಸ ಮಾಡ್ತಾ ಒಂದು ವರ್ಷ ಆಗಿರುತ್ತೆ, ಅನ್ನೋ ಥರ."

"ನಮ್ಮೂರಲ್ಲಿ ಬರೋ ಜೂನ್ ಬಗ್ಗೆ ಅಷ್ಟು ಧೈರ್ಯವಾಗಿ ಯಾರೂ ಮಾತಾಡಲ್ಲ ಬಿಡಿ," ಎಂದೆ. ಅವನೂ ನಕ್ಕ.

ಎತೆಲ್ಕಾ ನಗಲಿಲ್ಲ, ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಉಳಿದಿದ್ದ ಗೋಡೆಕಾಗದದ ಸುರುಳಿಯ ಹಿಂಬದಿಗೆ ಗೆರೆ ಎಳೆದು, ಹನ್ನೆರಡು ಕಾಲಗಳು ಅಡ್ಡಕ್ಕೆ, ಹೌದು-ಅಲ್ಲ-ಪ್ರಶ್ನೆ ಉದ್ದಕ್ಕೆ, ಕೆಳಗೆ ವುಡ್, ಶುಡ್, ಮೈಟ್ ಎಂದು ಒಂದು ದೊಡ್ಡ ಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ ಹೊಡೆದಿದ್ದರು. ಬರವಣಿಗೆಯ ಪರೀಕ್ಷೆಯಲ್ಲಿ ಇಪ್ಪತ್ತೆಂಟು ಜನರಲ್ಲಿ ಸದಾ ಅವರೇ ಮೊದಲು. ತೊಂದರೆಯಿದ್ದದ್ದು ನಾಲಿಗೆಯಲ್ಲಿ. ಭೂತಕಾಲದ ಬಾಲ ಬರೆಯುವಾಗ ಒಂದೇ, ಹೇಳುವಾಗ ಮೂರು ಥರ. ವಾಶ್ಟ್ ಎನ್ನುವಾಗ ಟ್, ಓಪನ್ಡ್ ಎನ್ನುವಾಗ ಡ್, ವೇಟಿಡ್ ಎನ್ನುವಾಗ ಇಡ್. ಎತೆಲ್ಕಾ ಬರೆದ ಹಾಗೇ ಓದುವವರು. ನಮ್ಮ ಭಾಷೆಯನ್ನೂ ಹಾಗೇ ಓದುತ್ತೇವಲ್ಲ. ವಾಶೆಡ್, ಓಪನೆಡ್, ವರ್ಕೆಡ್.

ಶನಿವಾರ ಕಲಿತದ್ದನ್ನು ಸೋಮವಾರ ಕಲಿಸುವುದು. ಎತೆಲ್ಕಾ ಅವರ ಆರನೇ ತರಗತಿಯಲ್ಲಿ ಬೋರಿ ಎಂಬ ಹುಡುಗಿಯಿದ್ದಳು. ಅವಳ ಮನೆಯ ಮಾಡಿನ ಮೇಲೆ ತಟ್ಟೆಯಂಥ ಆಂಟೆನಾ ಇತ್ತು, ಟಿವಿಯಲ್ಲಿ ದಿನಾ ಇಂಗ್ಲಿಷ್ ಕೇಳುತ್ತಿದ್ದಳು. ಒಂದು ದಿನ ಎದ್ದು ನಿಂತು, "ಟೀಚರ್, ಅದು ವಾಶೆಡ್ ಅಲ್ಲ, ವಾಶ್ಟ್," ಎಂದಳಂತೆ. ತರಗತಿ ಗೊಳ್ಳೆಂದಿತು. ಮೂವತ್ತು ವರ್ಷ ಪಾಠ ಮಾಡಿದ ಎತೆಲ್ಕಾ ನಗು ಮುಗಿದ ಮೇಲೆ, "ಇನ್ನೊಂದ್ಸಲ ಹೇಳಮ್ಮ," ಎಂದರು. ಅವಳು ಹೇಳಿದಳು. ಎತೆಲ್ಕಾ ಮಕ್ಕಳೊಂದಿಗೆ ತಾವೂ ಹೇಳಿದರು. ಅವತ್ತು ಸಂಜೆ ಸಿಬ್ಬಂದಿ ಕೋಣೆಯಲ್ಲಿ ಬೂಟು ಬಿಚ್ಚಿ ಕಾಲು ಚಾಚಿ ಕೂತು, "ಸಾಕಾಗಿದೆ ಕಣೇ ವಿಲ್ಮಾ. ಕಲಿಸಿ ಸುಸ್ತಾಗೋದು ಬೇರೆ. ಇದು ಬೇರೆ," ಎಂದರು.

ಅವರ ಸುಸ್ತಿಗೆ ಇನ್ನೊಂದು ಕಾರಣವಿತ್ತೆಂದು ನನಗೆ ಗೊತ್ತಿತ್ತು. ಪ್ರತಿ ಶನಿವಾರ ಆ ಹುಡುಗನ ಎದುರು ಕೂರುವುದು. ಅವನು ಪ್ರಶ್ನೆ ಕೇಳಿದರೆ ಇವರ ಕುತ್ತಿಗೆ ಕೆಂಪಾಗುತ್ತಿತ್ತು. ಬಾಯಿಗೆ ಬಂದ ಉತ್ತರವೂ ಒಳಗೇ ಉಳಿಯುತ್ತಿತ್ತು. ಕೊನೆಗೆ ಮಾರ್ಚ್‌ನ ಒಂದು ಶನಿವಾರ ಗಸಗಸೆ ತುಂಬಿದ ರೋಲ್ ಮಾಡಿ, ಬಟ್ಟೆ ಸುತ್ತಿ ತಂದರು. ತರಗತಿ ಮುಗಿದು ಎಲ್ಲರೂ ಹೋದ ಮೇಲೆ ನನ್ನನ್ನೂ ಎಳೆದುಕೊಂಡು ಅವನ ಮೇಜಿನ ಬಳಿ ಹೋದರು.

"ಒಂದು ಮಾತು ಹೇಳ್ಬೇಕಿತ್ತು," ಎಂದರು. "ಎಂಟನೇ ಕ್ಲಾಸಿನ ವಿಷಯ. ನನಗೆ ತಾತನ ಸಂಗತಿ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಆ ಪದ ಕೊಡ್ತಿರ್ಲಿಲ್ಲ, ಆ ಅಂಕಾನೂ ಕೊಡ್ತಿರ್ಲಿಲ್ಲ. ತಪ್ಪಾಯ್ತು."

ಚೊಂಗೊರ್ ರೋಲ್ ನೋಡಿದ, ನಮ್ಮನ್ನು ನೋಡಿದ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

"ಮೇಡಂ, ದಯವಿಟ್ಟು ಕೂತ್ಕೊಳ್ಳಿ," ಎಂದ. "ನಾನು ಓದಿರ್ಲಿಲ್ಲ."

"ಏನು ಓದಿರ್ಲಿಲ್ಲ?"

"ಪಾಠ. ಆ ವಸಂತದಲ್ಲಿ ದಿನಾ ಮೀನು ಹಿಡಿಯೋಕೆ ಹೋಗ್ತಿದ್ದೆ. ಆ ಕ್ರಿಯಾಪದ ಒಂದಲ್ಲ, ಯಾವುದೂ ಬರ್ತಿರ್ಲಿಲ್ಲ. ತಪ್ಪು ಬರೆದು ನಗೆಪಾಟಲಾಗೋ ಬದ್ಲು ಸುಮ್ನೆ ನಿಂತ್ಕೊಂಡೆ. ಅಷ್ಟೇ."

ಎತೆಲ್ಕಾ ಕುರ್ಚಿ ಎಳೆದು ಕೂತರು.

"ಮತ್ತೆ ಪೇಪರಲ್ಲಿ ಬಂದಿದ್ದು?"

"ತಾತ ಹೋಗಿದ್ದು ನಿಜ. ಅವರು ಒಂದು ದಿನಾನೂ ಅದರ ಮಾತೆತ್ತಲಿಲ್ಲ. ನನಗೆ ಗೊತ್ತಾಗಿದ್ದೇ ಎಂಬತ್ತೊಂಬತ್ತರಲ್ಲಿ, ಅಜ್ಜಿ ಹೇಳಿದ್ಮೇಲೆ. ಪೇಪರಿನವರು ಬಂದು, ನೀವು ಅದಕ್ಕೇ ಬಾಯಿ ಬಿಡ್ಲಿಲ್ಲ ಅಲ್ವಾ ಅಂದ್ರು. ಅಜ್ಜಿ ಪಕ್ಕದಲ್ಲೇ ಕೂತು ಅಳ್ತಿದ್ರು. ನಾನು ತಲೆ ಆಡಿಸಿದೆ." ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಅವನಿಗೂ ದಣಿವಾಗಿತ್ತು. ವಾರಕ್ಕೆ ಮೂರು ಊರಲ್ಲಿ ಪಾಠ ಹೇಳುತ್ತಿದ್ದ, ಬಸ್ಸಿನಲ್ಲೇ ಊಟ. "ಆಮೇಲೆ ಎಲ್ರೂ ಬೆನ್ನು ತಟ್ಟಿದ್ರು. ಈ ಕೆಲಸ ಸಿಕ್ಕಿದ್ದೂ ಸ್ವಲ್ಪ ಅದ್ರಿಂದಾನೇ ಇರ್ಬೇಕು. ಈಗ ಹೋಗಿ ಮೀನು ಹಿಡೀತಿದ್ದೆ ಅಂದ್ರೆ ಅಜ್ಜಿ ಮುಖ ನೋಡೋಕಾಗುತ್ತಾ?"

ಎತೆಲ್ಕಾ ರೋಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಡಚಿದರು. ನಾನು ಅವರ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡೆ.

"ಹಾಗಾದ್ರೆ ಆ ಒಂದು ಅಂಕ ಸರಿಯಾಗೇ ಇತ್ತು!" ಎಂದರು.

"ಸರಿಯಾಗೇ ಇತ್ತು ಮೇಡಂ."

"ಕತ್ತೆ!" ಎಂದರು ಎತೆಲ್ಕಾ. "ಎರಡು ವರ್ಷದಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ. ಬೇಕರಿಗೆ ಹೋಗೋಕೂ ನಾಚಿಕೆ. ಕತ್ತೆ ನೀನು!" ಕೈಯಲ್ಲಿದ್ದ ಬಟ್ಟೆಯಿಂದಲೇ ಅವನ ಭುಜಕ್ಕೆ ಒಂದು ಹೊಡೆದರು. ಅಲ್ಲಿಂದ ಮುಂದೆ ಅವನು ಅವರಿಗೆ ನೀನೇ ಆದ. ರೋಲನ್ನು ಮೂವರೂ ತಿಂದೆವು. ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ಕಡೆ ತಿರುಗಿ, "ಇದು ನಮ್ಮಿಬ್ಬರಲ್ಲೇ ಇರ್ಲಿ. ಆ ಮುದುಕಿ ಇರೋ ತನಕ ಯಾರ ಹತ್ರಾನೂ ಬಾಯಿ ಬಿಡಬೇಡ," ಎಂದರು. ನಾನು ಬಿಡಲಿಲ್ಲ. ಆ ಅಜ್ಜಿ ತೀರಿಹೋಗಿ ಈಗ ಬಹಳ ವರ್ಷವಾಯಿತು.

ಎರಡನೇ ಚಳಿಗಾಲದಲ್ಲಿ ನಾನು ಕೋರ್ಸ್ ಬಿಟ್ಟೆ. ದೊಡ್ಡ ಕಾರಣವೇನೂ ಇಲ್ಲ. ಒಂದು ಶುಕ್ರವಾರ ಬಸ್‌ಸ್ಟಾಪಿನ ತನಕ ನಡೆದೆ, ಬಸ್ಸು ಬಂತು, ಹತ್ತಲಿಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು. ಊಟ ಬಡಿಸುವುದು, ಮನೆಪಾಠ ಮಾಡಿಸುವುದು. ಎತೆಲ್ಕಾ ಬೈಯಲಿಲ್ಲ. "ನೀನೊಬ್ಬಳಾದ್ರೂ ಮಲಗಿ ನಿದ್ದೆ ಮಾಡು," ಎಂದರು.

ತೊಂಬತ್ತಮೂರರ ಜೂನ್‌ನಲ್ಲಿ ಅವರ ಕೊನೆಯ ಬಾಯಿಪರೀಕ್ಷೆ. ಜೊತೆಗೆ ನಾನೂ ಹೋದೆ. ಸೆಕೆಯೆಂದು ಕೋಣೆಯ ಬಾಗಿಲು ತೆರೆದೇ ಇಟ್ಟಿದ್ದರು, ಮೊಗಸಾಲೆಯ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡೆ. ಒಳಗೆ ಚೊಂಗೊರ್, ಮತ್ತು ಬುಡಾಪೆಸ್ಟ್‌ನಿಂದ ಬಂದಿದ್ದ ಪರೀಕ್ಷಾ ಮಂಡಳಿಯ ಅಧ್ಯಕ್ಷೆ, ನೆರೆಗೂದಲಿನ ಹೆಂಗಸು. ಒಳಗೆ ಹೋಗುವ ಮುಂಚೆ ಎತೆಲ್ಕಾ ಚೊಂಗೊರನನ್ನು ಕಿಟಕಿಯ ಬಳಿ ಕರೆದು ಹೇಳಿದ್ದರು: "ನೋಡು, ಕನಿಕರ ಗಿನಿಕರ ತೋರಿಸ್ಬೇಡ. ನಾನು ನಿನಗೆ ತೋರಿಸ್ಲಿಲ್ಲ."

ಮೊದಲು ಚೆನ್ನಾಗಿಯೇ ನಡೆಯಿತು. ವಾಶ್ಟ್, ಓಪನ್ಡ್, ವೇಟಿಡ್, ಮೂರೂ ಸರಿಯಾದ ದನಿಯಲ್ಲಿ ಬಂದವು. ಆಮೇಲೆ ನಡೆಯದೇ ಹೋದದ್ದನ್ನು ಹೇಳುವ ರೂಪ. ಈ ಬೆಳಿಗ್ಗೆ ಬಸ್ಸು ಬಾರದೆ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅಧ್ಯಕ್ಷೆ ಕೇಳಿದರು. ಎತೆಲ್ಕಾ "ಇಫ್ ದ ಬಸ್ ಹ್ಯಾಡ್ ನಾಟ್ ಅರೈವ್ಡ್" ಎಂದು ಶುರುಮಾಡಿದರು. ಕ್ಷಣ ತಡೆದರು. ಮತ್ತೆ ಮಾತು ಹರಿಯಿತು, ಸರಾಗವಾಗಿ, ಏರಿಳಿತದೊಂದಿಗೆ. ಬಸ್ಸು ಬಾರದಿದ್ದರೆ ಮನೆಗೆ ಹೋಗಿ, ಚೆರ್ರಿ ಕೊಯ್ದು, ಬೀಜ ತೆಗೆದು, ಬಾಣಲೆಗೆ ಹಾಕಿ ಜಾಮ್ ಮಾಡುತ್ತಿದ್ದೆ, ಸಂಜೆ ನೆರಳಲ್ಲಿ ಕೂರುತ್ತಿದ್ದೆ, ಯಾರಿಗೂ ಉತ್ತರ ಕೊಡಬೇಕಾಗಿರುತ್ತಿರಲಿಲ್ಲ. ಬೆಂಚಿನ ಮೇಲೆ ನಾನು ತಲೆದೂಗುತ್ತಿದ್ದೆ. ಎಲ್ಲ ಅರ್ಥವಾಗುತ್ತಿದೆಯಲ್ಲ ಎಂದು ಖುಷಿಪಟ್ಟೆ. ಆಮೇಲೆ ಹೊಳೆಯಿತು. ಅದು ರಷ್ಯನ್.

ಅವರಿಗೆ ಮಾತ್ರ ಹೊಳೆದಿರಲಿಲ್ಲ. ಮುಗಿಸಿ, ಕೈ ಮಡಚಿ ಕೂತರು. ಅಧ್ಯಕ್ಷೆ ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಅದೇ ಭಾಷೆಯಲ್ಲೇ ಏನೋ ಅಂದರು. ಆಕೆಯೂ ಹಿಂದೆ ನಮ್ಮಂತೆಯೇ ರಷ್ಯನ್ ಟೀಚರಾಗಿದ್ದವರು. ಆಗ ಎತೆಲ್ಕಾಗೆ ತಿಳಿಯಿತು. "ಅಯ್ಯೋ ದೇವರೇ," ಎಂದರು.

ಇನ್ನೊಂದು ಅವಕಾಶ ಕೊಟ್ಟರು. ಆದರೆ ಅಷ್ಟರಲ್ಲಿ ಎಲ್ಲ ಕಲಸಿಹೋಗಿತ್ತು. ವುಡ್ ಬಂದರೆ ಹ್ಯಾವ್ ಬರಲಿಲ್ಲ, ಎರಡೂ ಬಂದರೆ ಕ್ರಿಯಾಪದವೇ ರಷ್ಯನ್. ಅಧ್ಯಕ್ಷೆ ಹೇಳುವುದು ನನಗೆ ಕೇಳಿಸಿತು: "ಪಾಸ್ ಮಾಡೋಣ, ಇನ್ನೆರಡು ವರ್ಷಕ್ಕೆ ನಿವೃತ್ತಿ ಅವರಿಗೆ."

"ಇಂಗ್ಲಿಷ್‌ನಲ್ಲಿ ಉತ್ತರ ಬರ್ಲಿಲ್ಲ," ಎಂದ ಚೊಂಗೊರ್. ಒಂದು ಅಂಕ ಹಾಕಿದ.

ಊರು ಬೇರೇನನ್ನು ತಿಳಿದುಕೊಳ್ಳುತ್ತದೆ? ತಾತನ ಸೇಡು ತೀರಿಸಿಕೊಂಡ ಎಂದರು. ಕೆಲವರಿಗೆ ಅದು ಸರಿಯೆನಿಸಿತು, ಕೆಲವರು ವಯಸ್ಸಾದ ಹೆಂಗಸಿಗೆ ಹೀಗೆ ಮಾಡಬಹುದೇ ಎಂದರು. ಮುಖ್ಯೋಪಾಧ್ಯಾಯಿನಿ ಸಿಬ್ಬಂದಿ ಕೋಣೆಗೆ ಬಂದು ಕಾಗದ ಪೆನ್ನು ಮೇಜಿನ ಮೇಲಿಟ್ಟರು. "ಎತೆಲ್ಕಾ, ದೂರು ಬರೀರಿ. ಎಲ್ರೂ ಸಹಿ ಹಾಕ್ತೀವಿ. ಹಳೇ ದ್ವೇಷ ಇಟ್ಕೊಂಡು ಫೇಲ್ ಮಾಡಿದಾನೆ ಅಂತ."

"ಯಾವ ದ್ವೇಷ?" ಎಂದರು ಎತೆಲ್ಕಾ. "ಕೇಳಿದ್ದು ಇಂಗ್ಲಿಷ್‌ನಲ್ಲಿ, ಹೇಳಿದ್ದು ರಷ್ಯನ್‌ನಲ್ಲಿ. ಇದ್ರಲ್ಲಿ ದೂರು ಬರೆಯೋಕೆ ಏನಿದೆ? ಆ ಹುಡುಗ ನ್ಯಾಯವಾಗೇ ನಡ್ಕೊಂಡ. ಯಾರಾದ್ರೂ ಅವನ ಬಗ್ಗೆ ಇನ್ನೊಂದು ಮಾತಾಡಿದ್ರೆ ನಾನು ಆರನೇ ಕ್ಲಾಸನ್ನ ಅವರ ಕೈಗೆ ಕೊಟ್ಟು ಮನೇಗೆ ಹೋಗ್ತೀನಿ." ಆರನೇ ತರಗತಿ ಯಾರಿಗೂ ಬೇಕಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಕಾಗದ ಪೆನ್ನು ಎತ್ತಿಕೊಂಡು ಹೋದರು.

ಆ ಬೇಸಿಗೆಯಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ ಚೊಂಗೊರನ ಸೈಕಲ್ಲು ಎತೆಲ್ಕಾ ಮನೆಯ ಬೇಲಿಗೆ ಒರಗಿರುತ್ತಿತ್ತು. ಯಾರೂ ಅವನನ್ನು ಕರೆದಿರಲಿಲ್ಲ. ಬೇಸಿಗೆಯ ಅಡುಗೆಗೆಂದೇ ಹಿತ್ತಲಲ್ಲಿ ಕಟ್ಟಿದ್ದ ಕೋಣೆಯಲ್ಲಿ ಕೂತು ಇಬ್ಬರೂ ಬೀನ್ಸ್ ಕಾಯಿ ಬಿಡಿಸುತ್ತಿದ್ದರು. ಅವನು ಒಂದು ಕ್ರಿಯಾಪದ ಎಸೆಯುತ್ತಿದ್ದ, ಅವರು ಅದನ್ನು ಎಲ್ಲ ಕಾಲಕ್ಕೂ ಎಳೆದು ತರುತ್ತಿದ್ದರು. ಪಟ್ಟಿ ನೋಡುವಂತಿರಲಿಲ್ಲ. ಒಂದು ದಿನ ನಾನು ಹೋದಾಗ ದೊಡ್ಡ ಜಗಳವೇ ನಡೆದಿತ್ತು. 'ಅವನು ಕಾಯಬೇಕೆಂದು ನಾನು ಸೂಚಿಸುತ್ತೇನೆ' ಎಂದು ಇಂಗ್ಲಿಷ್‌ನಲ್ಲಿ ಹೇಳುವಾಗ ವೇಟ್ಸ್ ಅಲ್ಲ, ಬರೀ ವೇಟ್ ಎಂದು ಚೊಂಗೊರ್ ಹೇಳಿದ್ದ.

"ಈ ಇಂಗ್ಲಿಷಿನವರ ವರ್ತಮಾನಕ್ಕೆ ಇರೋದೇ ಒಂದು ಬಾಲ, ಆ ಎಸ್ಸು. ಮೂರು ವರ್ಷ ಬಡ್ಕೊಂಡು ಅದನ್ನ ಅಂಟಿಸೋದು ಕಲಿತೆ. ಈಗ ಅದನ್ನೂ ಕಿತ್ತು ಹಾಕು ಅಂತೀಯ?"

"ನಾನೇನು ಮಾಡ್ಲಿ ಮೇಡಂ, ಸೂಚನೆ, ಬೇಡಿಕೆ ಇದ್ರೆ ಹಾಗೇ."

"ಅವರಿಗೆ ಹೇಳು, ನಾಲಿಗೆಗೂ ಸ್ವಲ್ಪ ಮರ್ಯಾದೆ ಕೊಡೋಕೆ," ಎಂದು ಎತೆಲ್ಕಾ ಕಾಯಿಯ ಸಿಪ್ಪೆಯನ್ನು ಕೋಳಿಗಳತ್ತ ಎಸೆದರು. ನಂತರ ಸಿಪ್ಪೆಯ ಬುಟ್ಟಿ ನನ್ನ ಕೈಗೆ ಕೊಟ್ಟು, ಇನ್ನೊಮ್ಮೆ ಮೊದಲಿನಿಂದ ಶುರುಮಾಡಿದರು.

ಸೆಪ್ಟೆಂಬರ್ ಮೊದಲ ವಾರ ಮರುಪರೀಕ್ಷೆ. ಅದೇ ಕೋಣೆ, ಬೇರೆ ಅಧ್ಯಕ್ಷರು. ಈ ಸಲ ಬಾಗಿಲು ಮುಚ್ಚಿತ್ತು, ನನಗೆ ಏನೂ ಕೇಳಿಸಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಎತೆಲ್ಕಾ ಹೊರಬಂದು ಪಕ್ಕದಲ್ಲಿ ಕೂತರು. ಹಣೆಯ ಕೂದಲು ಬೆವರಿಗೆ ಅಂಟಿಕೊಂಡಿತ್ತು.

"ಎಷ್ಟು?" ಎಂದೆ.

"ಮೂರು."

"ಮೂರು ಒಳ್ಳೇದೇ ಅಲ್ವಾ!"

"ಮೂರು ಅಂದ್ರೆ ಮೂರು," ಎಂದರು. "ಸ್ವಲ್ಪ ನೀರು ಕೊಡು."

ಚೊಂಗೊರ್ ಬಾಗಿಲಲ್ಲಿ ತಲೆ ಹಾಕಿ ಕೈಯೆತ್ತಿ ನಕ್ಕ. ಇನ್ನೊಬ್ಬರ ಸರದಿಯಿತ್ತು, ಒಳಗೆ ಹೋದ.

ಎರಡೂವರೆಯ ಬಸ್ಸು ಅರ್ಧ ಖಾಲಿ. ಎತೆಲ್ಕಾ ಕಿಟಕಿಯ ಪಕ್ಕ ಕೂತರು. ಊರ ಹೊರಗಿನ ಗೋದಾಮುಗಳು ದಾಟುವಷ್ಟರಲ್ಲಿ ಅವರ ತಲೆ ನನ್ನ ಭುಜಕ್ಕೆ ವಾಲಿತ್ತು. ಸೂರ್ಯಕಾಂತಿಯ ಹೊಲಗಳು ಕಪ್ಪಾಗಿ ಒಣಗಿ ಕೊಯ್ಲಿಗೆ ಕಾದಿದ್ದವು. ಅವರ ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ಒಂದೇ ಸಮನಿತ್ತು. ನಮ್ಮ ಸ್ಟಾಪು ಬಂತು. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿ, "ಇಳಿಯಲ್ವಾ ಟೀಚರ್?" ಎಂದ. ನಾನು ಬೆರಳು ತುಟಿಗಿಟ್ಟು ತಲೆಯಾಡಿಸಿದೆ. ಅವನು ಬಾಗಿಲು ಮೆಲ್ಲಗೆ ಮುಚ್ಚಿದ.

ಕೊನೆಯ ಹಳ್ಳಿಯಲ್ಲಿ ಬಸ್ಸು ನಿಂತಾಗ ಎತೆಲ್ಕಾ ಎಚ್ಚರಗೊಂಡು ಕಿಟಕಿಯಿಂದ ಹೊರಗೆ ನೋಡಿದರು. ಗುರುತು ಹತ್ತಲಿಲ್ಲ.

"ಎಲ್ಲಿದೀವಿ?"

"ಕೊನೇ ಸ್ಟಾಪು. ವಾಪಸ್ ಹೋಗೋಕೆ ಇನ್ನೂ ಮುಕ್ಕಾಲು ಗಂಟೆ ಇದೆ."

ಬೈಯುತ್ತಾರೆಂದು ಕಾದೆ. ಅವರು ಇಳಿದು, ಚರ್ಚಿನ ಎದುರಿನ ಬೆಂಚಿನ ಮೇಲೆ ಕೂತು, ಕಾಲಿನ ಬೂಟು ಸಡಿಲಿಸಿದರು. ಪಕ್ಕದ ಬೇಲಿಯ ಮೇಲಿಂದ ಬಾಗಿದ ಪ್ಲಮ್ ಮರದ ಹಣ್ಣುಗಳು ರಸ್ತೆಗೆ ಉದುರಿದ್ದವು. ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ನಾನು ಕರ್ಚೀಫಿನಿಂದ ಒರೆಸಿ ಅವರ ಮಡಿಲಿಗೆ ಹಾಕಿದೆ. ಒಂದೊಂದೇ ತಿನ್ನುತ್ತ, ಬೀಜಗಳನ್ನು ಬೆಂಚಿನ ತುದಿಗೆ ಇಡುತ್ತ ಕೂತರು. "ನಾಳೆ ಎರಡನೇ ಪೀರಿಯಡ್ಡಿಗೆ ಆರನೇ ಕ್ಲಾಸು," ಎಂದರು. ಇನ್ನೊಂದು ಹಣ್ಣು ಬಾಯಿಗೆ ಹಾಕಿಕೊಂಡರು.